ಅಂಕೆಯಲ್ಲದ್ದು

ರಯೇನ್, ನಿನ್ನ ಕೆಲಸ ಸಾಯುವುದು ಇದು ನಾಲ್ಕನೆಯ ಸಲ.
ಗುರುವಾರ ರಾತ್ರಿ ಸರತಿಯಲ್ಲಿ ನಿಂತದ್ದು
ಶನಿವಾರ ಬೆಳಗಿನ ಜಾವ ಒಳಗೆ ಹೋಗಿ
ಆರು ಸೆಕೆಂಡು ಬದುಕಿತು.
ಕೊನೆಯ ಮಾತು: ಅರಿಯದ ಆಜ್ಞೆ.

ಬಾ, ಕುರ್ಚಿ ಎಳೆದುಕೋ.
ಸೊಪೈಪಿಯಾ ಇನ್ನೂ ಬಿಸಿಯಿದೆ, ಒಂದು ತಗೋ,
ಕೀಬೋರ್ಡಿಗೆ ಮಾತ್ರ ಎಣ್ಣೆ ಸವರಬೇಡ.

ನೀನು ಲಾಗಿನ್ ಆಗುವ ಯಂತ್ರ ಇದೆಯಲ್ಲ, ಅದು ಹೊಸದು,
ಹೋದ ಚಳಿಗಾಲ ಹಡಗಿನಲ್ಲಿ ತಾಲ್ಕಹುವಾನೊಗೆ ಬಂದಿಳಿಯಿತು.
ಒಳಗಿನ ನಲವತ್ತೆಂಟರಲ್ಲಿ ಮೂವತ್ತು ಮುದಿಯವು,
ಭೂಕಂಪವಾದಾಗ ಬೀರುವಿನೊಡನೆ ಓಲಾಡಿದವು,
ಒಂದಕ್ಕೆ ಈಗಲೂ ಫ್ಯಾನು ಕೆಮ್ಮುತ್ತದೆ.
ನೀನೋ, ಇಲ್ಲಿ ಕೂತು ‘ನೇಟಿವ್’ ಎಂದು ಬರೆದೆ.
ಕಂಪೈಲರ್ ಪಾಪ, ಹೇಳಿದಷ್ಟು ಮಾಡುವ ದರ್ಜಿ,
ಬಾಗಿಲು ಕಾಯುವವನ ಅಳತೆ ತೆಗೆದು
ಒಳಗಿನವರಿಗೆಲ್ಲ ಅಂಗಿ ಹೊಲಿದು ಕೊಟ್ಟಿತು.

ಸರಿ, ಮುದಿಯಂತ್ರದ ಹೆಸರನ್ನೇ ಬರೆದೆವು.
ಮೂರು ಕಂಪೈಲರ್‌ಗಳಲ್ಲಿ ನಡುವಿನದನ್ನು ಲೋಡ್ ಮಾಡಿದೆವು
(ಹಳೆಯದು ಮೂರನೆಯ ಮಹಡಿಯ ಭೂವಿಜ್ಞಾನಿಗಳದು,
ಒಂಬತ್ತು ವರ್ಷದಿಂದ ಅದನ್ನು ಮುಟ್ಟಗೊಡುವುದಿಲ್ಲ,
ಕೇಳಿದರೆ, ಉತ್ತರ ಬರುತ್ತಿದೆಯಲ್ಲ, ಎನ್ನುತ್ತಾರೆ).
ಈ ಸಲ ಕೆಲಸ ಸಾಯಲಿಲ್ಲ.
ಅದಕ್ಕಿಂತ ಕೆಟ್ಟದ್ದಾಯಿತು. ಮುಗಿಯಿತು.

ಪರದೆಯ ಮೇಲೆ ಕೊಲ್ಲಿ.
ಅಲೆ ಇನ್ನೂ ದೂರದಲ್ಲಿರುವಾಗಲೇ
ದಡದ ಒಂದು ಚೌಕ ಬೆಳ್ಳಗಾಯಿತು,
ಪಕ್ಕದ್ದು, ಅದರ ಪಕ್ಕದ್ದು,
ಒಂದೊಂದು ಹೆಜ್ಜೆಗೆ ಒಂದೊಂದು ಚೌಕ,
ನೀರೇ ನೆಲದಿಂದ ಹೆದರಿ ಹಿಂದೆ ಸರಿದಂತೆ.
ನಾಲ್ಕು ನಿಮಿಷದಲ್ಲಿ ಪೆಸಿಫಿಕ್ ಇರಲಿಲ್ಲ.

ಎಷ್ಟು ಬೇಗ ಮುಗಿಯಿತು ನೋಡಿ, ಎಂದೆ ನೀನು, ಸಣ್ಣ ದನಿಯಲ್ಲಿ.
ಯಾವ ಆಯ್ಕೆ ಕೊಟ್ಟೆ?
ಓ ಮೂರು. ಮತ್ತೆ?
ಫಾಸ್ಟ್ ಮ್ಯಾತ್.
ಯಾಕೆ?
ಸಾಲಿನಲ್ಲಿ ಸಾಲ್ಮನ್ ಮೀನಿನ ರೋಗದವರಿದ್ದಾರೆ,
ಗೋಧಿಯ ವಂಶವಾಹಿ ಓದುವ ಹುಡುಗ ಇದ್ದಾನೆ,
ಎಲ್ಲರ ಗಂಟೆಗಳನ್ನೂ ನಾನೇ ತಿನ್ನಬಾರದಲ್ಲ.

ಬೈಯಲು ಬಾಯಿ ತೆರೆದವನು ಸುಮ್ಮನಾದೆ.
ಆತುರಗಾರನಿಗೆ ಬುದ್ಧಿ ಮಟ್ಟ ಎನ್ನುತ್ತಾರೆ,
ಮರ್ಯಾದೆಯಿಂದ ಹುಟ್ಟಿದ ಆತುರಕ್ಕೆ
ಗಾದೆ ಯಾವುದೂ ನೆನಪಾಗಲಿಲ್ಲ.

ಮೂಲ ತೆರೆದೆವು. ಫೋರ್ಟ್ರಾನ್, ಎಲ್ಲ ದೊಡ್ಡಕ್ಷರ,
ಎಲೆಉತೇರಿಯೊ ಸನ್ವೆಸಾ ಬರೆದದ್ದು, ನಿವೃತ್ತರಾಗಿ
ಈಗ ಜೇನು ಸಾಕುತ್ತಾರೆ, ಫೋನ್ ಎತ್ತುವುದಿಲ್ಲ.
ಅವರು ಒಣನೆಲಕ್ಕೆ ಎತ್ತರ ಬರೆದಿರಲಿಲ್ಲ,
ಸೊನ್ನೆಯನ್ನೂ ಬರೆದಿರಲಿಲ್ಲ, ಸೊನ್ನೆಯೆಂದರೆ ಸಮುದ್ರ ತಾನೆ.
‘ಅಂಕೆಯಲ್ಲ’ ಎಂದು ಗುರುತಿಟ್ಟಿದ್ದರು.
ಅಲೆ ಪ್ರತಿ ಚೌಕದ ಮುಂದೆ ನಿಂತು ಕೇಳಬೇಕು:
ನೀನು ನಿನಗೇ ಸಮವೇ?
ನೀರು ಹೌದೆನ್ನುತ್ತದೆ.
ಅಂಕೆಯಲ್ಲದ್ದು ಒಂದೇ
ಅಲ್ಲ ಎನ್ನುವುದು, ಅಲ್ಲಿಗೆ ಅಲೆ ನಿಲ್ಲಬೇಕು.
ಪಕ್ಕದಲ್ಲಿ ಷರಾ: ಬೆಟ್ಟ ಇದು, ಮುಟ್ಟಬಾರದು.

ನೀನು ಕೊಟ್ಟ ಆಯ್ಕೆ ಒಂದು ಮಾತು ಕೊಡುತ್ತದೆ, ರಯೇನ್:
ಇಲ್ಲಿರುವುದೆಲ್ಲ ಅಂಕೆಯೇ, ಆಣೆ.
ಕಂಪೈಲರ್ ನಂಬಿತು.
ತನಗೆ ತಾನೇ ಸಮವಲ್ಲದ್ದು ಯಾವುದಿದ್ದೀತು
ಎಂದುಕೊಂಡು ಆ ಪ್ರಶ್ನೆಯನ್ನೇ ಅಳಿಸಿತು,
ಎಚ್ಚರಿಕೆಯ ಒಂದು ಸಾಲೂ ಇಲ್ಲದೆ.
ತಡೆಯುವವರಿಲ್ಲದ ದಡಕ್ಕೆ ನೀರು ಕೈ ಹಚ್ಚಿತು,
ಹಚ್ಚಿದ ಕೈಯೂ ಅಂಕೆಯಲ್ಲದ್ದಾಯಿತು.
ಅಂಕೆಯಿಲ್ಲದ ಕಪಿ ಲಂಕೆಯನ್ನಷ್ಟೇ ಸುಟ್ಟಿತ್ತು.

ಓ ಎರಡು. ಬೇರೇನೂ ಬೇಡ.
ಹನ್ನೊಂದು ಗಂಟೆ ಕೇಳಿಕೊಂಡೆವು,
ಮತ್ತೆ ಸಾಲಿನ ತುದಿಗೆ ಹೋಗಿ ನಿಂತೆವು.
ಬಿಯೊ ಬಿಯೊ ಮೇಲಿನ ಮಂಜು
ಕಿಟಕಿಗೆ ಬಂದು ಹೋಗುತ್ತಿತ್ತು.

ಸೋಮವಾರ ಅಲೆ ಬಂತು.
ಮೀನು ಮಾರುಕಟ್ಟೆಯ ಮೆಟ್ಟಿಲು ಹತ್ತಿತು,
ಶಾಲೆಯ ಬೇಲಿಯವರೆಗೆ ಹೋಯಿತು,
ನೀನು ಬೆರಳಿಟ್ಟು ತೋರಿಸದ ಒಂದು ಓಣಿಯಲ್ಲಿ
ಸ್ವಲ್ಪ ಹೊತ್ತು ಇತ್ತು.
ಬೆಟ್ಟದ ಬುಡದಲ್ಲಿ ಕೇಳಿತು, ನಿಂತಿತು.

ಸಾಲ್ಮನ್‌ನವರ ಪತ್ರ ಬಂದಿದೆ, ಕೋಪದ್ದು:
ವಾರದ ಕೊನೆಯ ಹನ್ನೊಂದು ಗಂಟೆ ಯಾರ ಪಾಲಾಯಿತು?
ನಿನ್ನ ಹೆಸರು ಹೇಳಲಿಲ್ಲ.
ಒಂದು ಬೆಟ್ಟಕ್ಕೆ ಬೇಕಾಯಿತು, ಎಂದು ಬರೆದೆ.